ನೋಡದೆ ಬರೆದ ಅಂಕಿ

ಕಾಲುವೆಯ ನೀರಿನ ಮಟ್ಟ ನೋಡಲು ಅವರು ನಿಲ್ಲುತ್ತಿರಲಿಲ್ಲ, ಕೂರುತ್ತಿದ್ದರು. ಕಲ್ಲಿನ ಮೆಟ್ಟಿಲಿಳಿದು, ಪ್ಯಾಂಟಿನ ಕಾಲು ಮಡಚಿ, ನೀರಿಗೆ ತಾಗುವ ಕೊನೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಗೇಜಿನ ಪಟ್ಟಿಯ ಸಮಕ್ಕೆ ಕಣ್ಣು ತರುತ್ತಿದ್ದರು. ಒಂದು ಅಲೆ ಅಂಕಿಯನ್ನು ಮುಚ್ಚುತ್ತಿತ್ತು, ಇನ್ನೊಂದು ತೆರೆಯುತ್ತಿತ್ತು. ತುಟಿಯಲ್ಲೇ ಹತ್ತರವರೆಗೆ ಎಣಿಸಿ, ಅಲೆ ಕೊಂಚ ಸುಮ್ಮನಾದ ಮೇಲೆ ಎದ್ದು ರಿಜಿಸ್ಟರಿಗೆ ಬರೆಯುತ್ತಿದ್ದರು. ನಾನು ಜೂನಿಯರ್ ಇಂಜಿನಿಯರ್ ಆಗಿ ಬಂದ ಮೊದಲ ವಾರ ದಂಡೆಯ ಮೇಲೆ ನಿಂತೇ "ನಾಲ್ಕೂವರೆ ಅಡಿ" ಅಂದುಬಿಟ್ಟಿದ್ದೆ.

"ಅಲ್ಲಿಂದ ನೋಡಿದ್ರ ನಿಮ್ಮ ಎತ್ತರನೂ ಅದರಾಗ ಸೇರತೈತ್ರಿ ಮೇಡಮ್ಮಾರ. ಇಳದು ಬರ್ರಿ, ಇಲ್ಲಿ ಕುಂದ್ರಿ."

ಇಳಿದು ಕೂತೆ. ನಾಲ್ಕು ಪಾಯಿಂಟ್ ಎರಡಿತ್ತು.

ಅವರ ಹೆಸರು ಬರೆಯುವುದಿಲ್ಲ. ಕಾಲುವೆಯ ಮೇಲೆ ಎಲ್ಲರೂ ಅವರನ್ನು ದೊಡ್ಡಣ್ಣ ಎನ್ನುತ್ತಿದ್ದರು, ಅಷ್ಟು ಸಾಕು. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದವಳು ನಾನು. ಹಾಗಾಗಿ ನೆನಪು ಎಷ್ಟು ಸಲೀಸಾಗಿ ಖಾಲಿ ಜಾಗಗಳನ್ನು ತುಂಬಿಬಿಡುತ್ತದೆ ಎಂಬುದೂ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದ ಹಿಂದಿನ ಮಾತುಗಳನ್ನು ಅವರು ಆಡಿದ ಹಾಗೇ ಬರೆಯುತ್ತಿದ್ದೇನೆ ಎಂದು ಪ್ರಮಾಣ ಮಾಡಲಾರೆ. ಕೆಲವನ್ನು ಅಂದೇ ಬರೆದಿಟ್ಟುಕೊಂಡಿದ್ದೆ. ಉಳಿದವನ್ನು ಇಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ ಎಂದರೆ ಅವರದೆಷ್ಟು, ನನ್ನದೆಷ್ಟು ಎಂದು ಬಿಡಿಸುವುದು ಕಷ್ಟ.

ಅವರು ಸಂಡೂರಿನ ಕಡೆಯವರು. ತಂದೆ ಗಣಿಯಲ್ಲಿ ಮ್ಯಾಂಗನೀಸ್ ಹೊತ್ತವರು. ತಾವು ಚಿಕ್ಕ ವಯಸ್ಸಿಗೇ ಕಾಲುವೆಯ ಕೆಲಸಕ್ಕೆ ಸೇರಿ ಗೇಜ್ ರೀಡರ್ ಆದರು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ, ನೀರಿನ ಮಟ್ಟ ನೋಡಿ ಬರೆಯುವುದು ಅವರ ಕೆಲಸ. ಭಾನುವಾರ ಟಿ.ಬಿ. ಡ್ಯಾಂ ಕಾಲೊನಿಯ ಸಣ್ಣ ಚರ್ಚಿನಲ್ಲಿ ಸುವಾರ್ತೆ ಓದುವ ಪಾಳಿ ಬಂದರೆ ಬೆಳಗಿನ ಗೇಜು ಮುಗಿಸಿ ಬಸ್ಸು ಹಿಡಿದು ಹೋಗುತ್ತಿದ್ದರು. ಖಾಕಿ ಅಂಗಿಯ ಜೇಬಿನಲ್ಲಿ, ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿಟ್ಟ ಪುಟ್ಟ ಹೊಸ ಒಡಂಬಡಿಕೆ ಸದಾ ಇರುತ್ತಿತ್ತು. ನೀರಿಗೆ ಬಿದ್ದರೂ ತೋಯಬಾರದು ಎಂದು ಆ ಕವರು. ಎರಡು ಸಲ ಬಿದ್ದಿತ್ತಂತೆ. "ಎರಡು ಸಲನೂ ನಾನೂ ಸಂಗಾಟ ಬಿದ್ದಿದ್ದೆ. ನಾ ತೊಯ್ದೆ, ಅದು ತೋಯ್ಲಿಲ್ಲ."

ನನಗೆ ಆಗ ದೇವರ ವಿಷಯದಲ್ಲಿ ಆಸಕ್ತಿ ಇರಲಿಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಿ ಅಮ್ಮ ಮಾಡುವ ಪೂಜೆಯನ್ನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು. ಆದರೆ ಅವರು ಸುವಾರ್ತೆ ಓದುವ ರೀತಿ ವಿಚಿತ್ರವಾಗಿತ್ತು. ಯಾರಿಗೂ ಉಪದೇಶ ಮಾಡುತ್ತಿರಲಿಲ್ಲ. ಕಥೆಯಲ್ಲಿ ಬರೆಯದೆ ಬಿಟ್ಟ ಮೂಲೆಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಬಾವಿಯ ಹತ್ತಿರ ಯೇಸು ಒಬ್ಬ ಹೆಂಗಸಿನ ಬಳಿ ಕುಡಿಯಲು ನೀರು ಕೇಳುವ ಕಥೆಯಿದೆ. ಮಾತಾಡಿದ ಮೇಲೆ ಆಕೆ ಕೊಡವನ್ನು ಅಲ್ಲೇ ಬಿಟ್ಟು ಊರಿನವರಿಗೆ ಸುದ್ದಿ ಹೇಳಲು ಓಡುತ್ತಾಳೆ. ಇವರು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಹಿಡಿದುಕೊಂಡು ಕೇಳಿದರಂತೆ: "ಆ ಕೊಡ ಏನಾತ್ರಿ ಅಯ್ನೋರ? ಆಕಿ ತಿರುಗಿ ಬಂದು ಒಯ್ದ್ಲೋ, ಇಲ್ಲ ಯಾರಾರ ಮನಿಗೆ ಮುಟ್ಟಿಸಿದ್ರೋ? ಮನ್ಯಾಗ ಮಕ್ಕಳಿಗೆ ನೀರು ಬ್ಯಾಡೇನು?" ಪಾಸ್ಟರಿಗೆ ಉತ್ತರ ಹೊಳೆಯಲಿಲ್ಲ. ಅದನ್ನು ಹೇಳಿ ಇವರು ಒಂದು ವಾರ ಖುಷಿಯಾಗಿದ್ದರು.

ಈ ಮಾತುಗಳಿಗೆಲ್ಲ ಇನ್ನೊಬ್ಬ ಪಾಲುದಾರನಿದ್ದ, ಹುಲುಗಪ್ಪ. ದರೋಜಿ ಕಡೆಯ ಆ ಗೇಜಿನಿಂದ ಮುಂದೆ ಕಾಲುವೆ ಕವಲಾಗುವಲ್ಲಿ ಗೇಟು ಎತ್ತಿ ಇಳಿಸುವ ಲಸ್ಕರ್. ದಿನಗೂಲಿಯವನು. ಮಧ್ಯಾಹ್ನ ಮೂವರೂ ಗೇಟಿನ ಪಕ್ಕದ ಜಾಲಿಯ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಐದು ರೊಟ್ಟಿಯಲ್ಲಿ ಐದು ಸಾವಿರ ಮಂದಿ ಉಂಡ ಕಥೆಯನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಹುಲುಗಪ್ಪನಿಗೆ ಅದು ನಂಬಲು ಕಷ್ಟವೇನೂ ಆಗಲಿಲ್ಲ. ಅವನ ತಂಟೆ ಬೇರೆ ಇತ್ತು.

"ರೊಟ್ಟಿ ಸರಿ ದೊಡ್ಡಣ್ಣ, ಪಲ್ಯ ಏನಿತ್ತು?"

"ಮೀನಿತ್ತಲೇ, ಎರಡು."

"ಎರಡು ಮೀನಿನ ಮುಳ್ಳು ಐದು ಸಾವಿರ ಮಂದಿ ಗಂಟಲಾಗ! ಮಸ್ತ್ ಊಟ ಬಿಡು."

ದೊಡ್ಡಣ್ಣ ನಕ್ಕು, ಆಮೇಲೆ ತಮ್ಮ ಮೂಲೆಗೆ ಬಂದರು. "ಉಂಡಿದ್ದು ದೇವರ ಕೆಲಸ. ಉಂಡ ಮ್ಯಾಲೆ ಉಳಿದ ಚೂರು ಹನ್ನೆರಡು ಪುಟ್ಟಿ ತುಂಬ ಆರಿಸಿದ್ರಂತ ಬರದಾರ. ಹುಲ್ಲಾಗ ಬಗ್ಗಿ ಆರಿಸಿದವ್ರು ಯಾರು? ಅವರ ಹೆಸರಿಲ್ಲ. ಅದು ನಮ್ಮ ಕೆಲಸ ನೋಡು." ಹೇಳುತ್ತಲೇ ಎದ್ದು, ಹಂಪಿ ನೋಡಿ ಬಂದ ಯಾರೋ ದಂಡೆಯ ಮೇಲೆ ಉಂಡು ಬಿಸಾಡಿ ಹೋಗಿದ್ದ ಪ್ಲೇಟು, ಬಾಟಲಿಗಳನ್ನು ಆರಿಸತೊಡಗಿದರು. ನಾವಿಬ್ಬರೂ ಕೂತೇ ನೋಡಿದೆವು. ಆಮೇಲೆ ಹುಲುಗಪ್ಪ ಗೊಣಗುತ್ತ ಎದ್ದ. ನಾನು ಎದ್ದೆನೋ ಇಲ್ಲವೋ ನೆನಪಿಲ್ಲ. ಎದ್ದೆ ಎಂದು ಬರೆಯಲು ಕೈ ಬರುತ್ತದೆ. ಅದಕ್ಕೇ ಬರೆಯುವುದಿಲ್ಲ.

ದಿನವಿಡೀ ದುಡಿದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ ಕೊಟ್ಟ ಯಜಮಾನನ ಕಥೆ ಹೇಳಿದ ದಿನ ಮಾತ್ರ ಹುಲುಗಪ್ಪ ನಿಜಕ್ಕೂ ಸಿಟ್ಟಾಗಿದ್ದ. "ಇದು ಯಾವ ನ್ಯಾಯ? ನಮ್ಮ ಗುತ್ತಿಗೆದಾರ ಹಂಗ ಮಾಡಿದ್ರ ಗುದ್ದಲಿ ಒಗದು ಹೊಂಟೋಗತೀನಿ ನಾ."

"ನೀ ಗೇಟಿನ ಹತ್ರ ಇದ್ದೀಯಲ್ಲಪ, ನಿನಗ ಹಂಗ ಅನಸತೈತಿ," ಎಂದರು ದೊಡ್ಡಣ್ಣ. "ಕಾಲುವಿ ಕೊನಿಯವ್ರನ್ನ ಕೇಳು. ಭತ್ತಕ್ಕ ನೀರು ಮೊದಲು ಬಂದ ಹೊಲಕ್ಕ ಎಷ್ಟು ಬೇಕೋ ಕಟ್ಟಕಡಿಗೆ ಬಂದ ಹೊಲಕ್ಕೂ ಅಷ್ಟ ಬೇಕು."

ಕೊನೆಯವರೆಂದರೆ ಕಂಪ್ಲಿ ಕಡೆಯ ರೈತರು. ಮುಂದಿನ ಸಂಗತಿ ನಡೆದದ್ದು ಅವರಿಂದಲೇ.

ನಾಟಿಯ ದಿನಗಳು. ಒಂದು ಸಂಜೆ ದೊಡ್ಡಣ್ಣ ರಿಜಿಸ್ಟರು ತಂದು ನನ್ನ ಮೇಜಿನ ಮೇಲಿಟ್ಟರು. ವಾರದ ಅಂಕಿಗಳ ತಖ್ತೆಯನ್ನು ನಾನು ಮಾರನೆಯ ದಿನ ಮೇಲಿನ ಆಫೀಸಿಗೆ ಕಳಿಸಬೇಕಿತ್ತು. ಅದರಲ್ಲಿ ಅಂದಿನ ಬೆಳಗಿನ ಅಂಕಿಯ ಮನೆ ಖಾಲಿ ಇತ್ತು.

"ಇದೇನು?"

"ಮುಂಜಾನೆ ಕರಡಿ ಇತ್ರಿ. ಮೆಟ್ಟಿಲ ಮ್ಯಾಗ ನಿಂತಿತ್ತು. ನಾ ಸೈಕಲ್ ತಿರುವಿದೆ, ಮನಿತನ ಹಿಂದ ನೋಡ್ಲಿಲ್ಲ. ಭಾಳ ಅಂಜಿದೆ."

ದರೋಜಿಯಲ್ಲಿ ಕರಡಿ ಕಾಣುವುದು ದೊಡ್ಡ ಸುದ್ದಿಯಲ್ಲ. ನನಗೆ ನಗು ಬಂತು. "ಆಮೇಲಾದರೂ ಹೋಗಬೇಕಿತ್ತು."

"ಹೋಗಬೇಕಿತ್ರಿ. ಹೋಗ್ಲಿಲ್ಲ."

"ಏನಾದರೂ ಬರೀರಿ. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ."

"ನೋಡ್ಲಾರದ್ದು ಹೆಂಗ ಬರೀಲ್ರಿ? ಖಾಲಿ ಇದ್ರ ಖಾಲಿ ಐತಿ ಅಂತರ ಗೊತ್ತಾಗತೈತಿ." ಅಷ್ಟು ಹೇಳಿ ಅವರು ಹೋದರು.

ಹಿಂದಿನ ಸಂಜೆ ನಾಲ್ಕು ಪಾಯಿಂಟ್ ಮೂರು. ಅಂದಿನ ಸಂಜೆ ನಾಲ್ಕು ಪಾಯಿಂಟ್ ಒಂದು. ನಡುವಿನ ಖಾಲಿ ಮನೆಗೆ ಸರಾಸರಿ ತೆಗೆಯುವುದನ್ನು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ನಾಲ್ಕು ಪಾಯಿಂಟ್ ಎರಡು ಎಂದು ಬರೆದೆ. ಅವರ ಅಂಕಿಗಳ ಹಾಗೆಯೇ ಗುಂಡಗೆ, ತುಸು ಎಡಕ್ಕೆ ವಾಲಿಸಿ ಬರೆದೆ. ಆ ದಿನದ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: "ತಖ್ತೆ ಸಿದ್ಧವಾಯಿತು. ತಲೆನೋವು."

ನಾಲ್ಕೈದು ದಿನದಲ್ಲಿ ಕಂಪ್ಲಿ ಕಡೆಯ ರೈತರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಬಂದರು. ವಾರದಲ್ಲಿ ಅವರ ನೀರಿನ ಪಾಳಿ ಒಂದೇ ದಿನ, ಆ ವಾರ ಅದು ಕರಡಿ ಬಂದ ದಿನವೇ ಬಿದ್ದಿತ್ತು. ಆ ದಿನವೇ ಬೆಳಿಗ್ಗೆಯಿಂದ ಕಾಲುವೆ ಒಣಗಿತ್ತು, ನಾಟಿ ಮಾಡಿದ ಸಸಿ ಬಾಡಿ ಹೋದವು ಎಂದರು. ದೊಡ್ಡ ಸಾಹೇಬರು ರಿಜಿಸ್ಟರು ತರಿಸಿದರು. ಗೇಜಿನ ಹತ್ತಿರ ಬೆಳಿಗ್ಗೆ ನಾಲ್ಕು ಪಾಯಿಂಟ್ ಎರಡು ಅಡಿ ನೀರಿತ್ತು ಎಂದು ಅದರಲ್ಲಿದೆ. ಅಲ್ಲಿ ತುಂಬಿದ್ದ ನೀರು ಕೆಳಗೆ ಮುಟ್ಟಿಲ್ಲವೆಂದರೆ ನಡುವೆ ಇರುವುದು ಒಂದೇ ಗೇಟು. ಹುಲುಗಪ್ಪ ತನ್ನ ಮಾವನ ಹೊಲಕ್ಕೆ ನೀರು ತಿರುವಿದ್ದಾನೆ ಎಂದು ಯಾರೋ ಅಂದರು. ಉಳಿದವರೂ ಅದನ್ನೇ ಅಂದರು. ದಿನಗೂಲಿಯವನನ್ನು ತೆಗೆಯಲು ಕಾಗದವೂ ಬೇಡ. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು.

"ದೇವರಾಣಿ ನಾ ಗೇಟು ಮುಟ್ಟಿಲ್ರಿ ಸಾಹೇಬ್ರ. ನೀರ ಬರ್ಲಿಲ್ಲ," ಎಂದು ಹುಲುಗಪ್ಪ ಹೆಗಲ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ.

ನಾನು ಸಾಹೇಬರ ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ಹೇಳಲು ನನಗೆ ಪೂರಾ ಸಮಯವಿತ್ತು. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ, ಖಾಯಂ ಆಗಿರಲಿಲ್ಲ ಎಂಬ ಕಾರಣವೂ ಇತ್ತು. ಅದನ್ನು ಕಾರಣ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಬಾಗಿಲ ಹತ್ತಿರದಿಂದ ದೊಡ್ಡಣ್ಣ ಮುಂದೆ ಬಂದರು. "ಆ ಅಂಕಿ ನಂಬಬ್ಯಾಡ್ರಿ ಸಾಹೇಬ್ರ. ಅವತ್ತು ಮುಂಜಾನೆ ನಾ ಗೇಜ್ ನೋಡಿಲ್ಲ."

"ನೋಡಿಲ್ಲ? ಮತ್ತೆ ಇದು ಹೆಂಗ ಬಂತು?"

"ರಿಜಿಸ್ಟರ್ ನಂದ್ರಿ."

"ಯಾಕ್ ನೋಡಿಲ್ಲ?"

"ಕರಡಿ ಇತ್ರಿ."

ಇಡೀ ಕೋಣೆ ನಕ್ಕಿತು. ರೈತರೂ ನಕ್ಕರು. ದೊಡ್ಡಣ್ಣ ನನ್ನ ಕಡೆ ನೋಡಿದರೇ? ಹೇಳಲಾರೆ. ನಾನು ನೆಲ ನೋಡುತ್ತಿದ್ದೆ.

ಸಾಹೇಬರು ಮೇಲಿನ ಸೆಕ್ಷನ್ನಿನಲ್ಲಿ ವಿಚಾರಿಸಿದಾಗ ನಿಜ ಹೊರಬಿತ್ತು. ಅದರ ಹಿಂದಿನ ರಾತ್ರಿಯ ಗಾಳಿಗೆ ಗೇಜಿನಿಂದ ಮೇಲೆ ಮರವೊಂದು ಕಾಲುವೆಗೆ ಅಡ್ಡ ಬಿದ್ದು ನೀರು ಕಟ್ಟಿತ್ತು, ಬೆಳಿಗ್ಗೆ ಗೇಜಿಗೇ ನೀರು ಮುಟ್ಟಿರಲಿಲ್ಲ. ಮಧ್ಯಾಹ್ನ ಆಳುಗಳು ಅದನ್ನು ಕಡಿದು ತೆಗೆದಿದ್ದರು. ಹುಲುಗಪ್ಪನ ಕೆಲಸ ಉಳಿಯಿತು. ನೋಡದೆ ಅಂಕಿ ಬರೆದದ್ದಕ್ಕೆ ದೊಡ್ಡಣ್ಣನಿಗೆ ಮೆಮೊ ಸಿಕ್ಕಿತು, ಕಂಪ್ಲಿ ಹತ್ತಿರದ ಗೇಜಿಗೆ ವರ್ಗವಾಯಿತು. ನನಗೆ ಏನೂ ಆಗಲಿಲ್ಲ.

ತನ್ನ ಕೆಲಸಕ್ಕೆ ಕುತ್ತು ತಂದ ಅಂಕಿ ದೊಡ್ಡಣ್ಣನದೇ ಎಂದುಕೊಂಡು ಹುಲುಗಪ್ಪ ಕೆಲವು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಸರಿಹೋಯಿತು. ಕ್ರಿಸ್‌ಮಸ್ಸಿಗೆ ಅವರ ಮನೆಗೆ ಬಂದು ಉಣ್ಣುತ್ತಿದ್ದ, ಅವರ ಮಗಳ ಮದುವೆಯಲ್ಲಿ ಚಪ್ಪರಕ್ಕೆ ಗೂಟ ಹೊಡೆದ. ಆದರೆ ಸಿಕ್ಕಾಗಲೆಲ್ಲ ಒಂದು ಚುಚ್ಚುಮಾತು ತಪ್ಪುತ್ತಿರಲಿಲ್ಲ: "ದೊಡ್ಡಣ್ಣಾ, ಇವತ್ತು ನೋಡಿ ಬರದ್ಯೋ, ನೋಡ್ದ ಬರದ್ಯೋ?" ಅವರು ಪ್ರತಿ ಸಲ ನಕ್ಕು "ಬಾರಲೇ, ಚಾ ಕುಡಿ" ಎನ್ನುತ್ತಿದ್ದರು. ಎಷ್ಟೋ ಸಲ ನಾನೂ ಅಲ್ಲಿರುತ್ತಿದ್ದೆ. ನಾನೂ ನಗುತ್ತಿದ್ದೆ.

ವರ್ಗವಾದ ಮೇಲಿನ ಬೇಸಿಗೆಯಲ್ಲಿ ಒಮ್ಮೆ ಅವರ ಕಂಪ್ಲಿ ಗೇಜಿಗೆ ಹೋಗಿದ್ದೆ. ಹೇಳಿಬಿಡಬೇಕು, ಕ್ಷಮೆ ಕೇಳಬೇಕು ಎಂದೇ ಹೋದದ್ದು. ಶುಭ ಶುಕ್ರವಾರಕ್ಕೆ ಮುಂಚಿನ ದಿನಗಳು. ಅವರು ಪುಟ್ಟ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ತಂಗೀ, ನೀವು ಓದಿದವ್ರು. ಇದನ್ನ ಹೇಳ್ರಿ. ಯೇಸುಸ್ವಾಮೀನ ಹಿಡಕೊಂಡು ಹೋದ್ರು. ಪೇತ್ರ ಹೊರಗ ಬೆಂಕಿ ಕಾಸಕೋತ ಕುಂತಾನ. ಕೆಲಸದಾಕಿ ಒಬ್ಬಾಕಿ ಗುರುತು ಹಿಡದ್ಲು. ಇವ ಮೂರು ಸಲ, ಆ ಮನಷಾ ಯಾರೋ ನನಗ ಗೊತ್ತಿಲ್ಲ ಅಂದ. ಕೋಳಿ ಕೂಗ್ತು, ಅತ್ತ. ಹೌದಿಲ್ಲ? ಅವನ ಪೈಕಿಯವ್ರು ಅಲ್ಲಿ ಯಾರೂ ಇರ್ಲಿಲ್ಲ. ಹಂಗಾರ ಈ ಸುದ್ದಿ ಪುಸ್ತಕಕ್ಕ ಹೆಂಗ ಬಂತು?"

"ಹೇಗೆ?"

"ಅವನ ಹೇಳಿರಬೇಕ್ರಿ. ದೊಡ್ಡ ಮನಷಾ ಆದ ಮ್ಯಾಲೆ, ಎಲ್ಲಾರೂ ಅವಗ ಕೈ ಮುಗಿಯೋ ಹೊತ್ತಿನಾಗ, ತಾನ ಕುಂತು ಹೇಳಿರಬೇಕು. ನಾ ಅಂಜಿ ಹಿಂಗ ಮಾಡಿದೆ ಅಂತ."

ಓದಿದವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ. ಪುಸ್ತಕ ಇಸಿದುಕೊಂಡು ನಾಲ್ಕೂ ಸುವಾರ್ತೆಗಳಲ್ಲಿ ಹುಡುಕಿ, ಒಂದರಲ್ಲಿ ಇನ್ನೊಬ್ಬ ಶಿಷ್ಯನೂ ಪೇತ್ರನ ಜೊತೆ ಒಳಗೆ ಹೋಗಿದ್ದ ಎಂದು ತೋರಿಸಿದೆ. "ಇವನು ನೋಡಿ ಹೇಳಿರಬಹುದಲ್ಲ?"

ಅವರು ಕನ್ನಡಕ ಏರಿಸಿಕೊಂಡು ಓದಿದರು. "ಇರಬೌದ್ರಿ. ಆದ್ರ ಅವ ಹೇಳಿದ್ರ ಅದು ಚಾಡಿ ಆಗತೈತಿ. ಪೇತ್ರ ಹೇಳಿದ್ರ ಸುವಾರ್ತಿ."

ಆಮೇಲೆ ಪೇಪರಿನಲ್ಲಿ ಕಟ್ಟಿಸಿ ತಂದಿದ್ದ ಮಂಡಕ್ಕಿ ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ ನನ್ನ ಮುಂದಿಟ್ಟು ಹೇಳಿದರು: "ಮುಂದ ಸ್ವಾಮಿ ಎದ್ದು ಬಂದ ಮ್ಯಾಲೆ, ನೀರಿನ ದಂಡಿ ಮ್ಯಾಗ ಬೆಂಕಿ ಹಾಕಿ, ಮೀನು ಸುಟ್ಟು, ಅದ ಪೇತ್ರನ್ನ ನಾಷ್ಟಾಕ್ಕ ಕರದ. ಒಂದು ಮಾತು ಬೈಲಿಲ್ಲ. ತಿನ್ರಿ, ಆರತೈತಿ."

ತಿಂದೆ. ಹೇಳದೆ ಬಂದೆ. ಅವರಿಗೆ ಹೇಳಬೇಕಾದ್ದು ಏನೂ ಉಳಿದಿಲ್ಲ, ಹೇಳಬೇಕಾದದ್ದು ಹುಲುಗಪ್ಪನಿಗೆ ಎಂದು ಬಸ್ಸಿನಲ್ಲಿ ಕೂತಾಗ ಅರ್ಥವಾಯಿತು. ಅರ್ಥವಾದ ಮೇಲೂ ಇಪ್ಪತ್ತು ವರ್ಷ ತೆಗೆದುಕೊಂಡೆ. ಅಂದು ಅವರು ಆ ಕಥೆ ತೆಗೆದದ್ದು ನನಗಾಗಿಯೋ, ಅಥವಾ ಅವರ ಎಂದಿನ ಮೂಲೆ ಹುಡುಕುವ ಚಾಳಿಯಿಂದಲೋ ಎಂದು ಆಗಾಗ ಯೋಚಿಸಿದ್ದೇನೆ. ಕೇಳಿದ್ದರೆ "ಓದಾಕತ್ತಿದ್ದೆ, ಬಂದ್ರಿ, ಕೇಳಿದೆ" ಅನ್ನುತ್ತಿದ್ದರೇನೋ. ಕೇಳಲಿಲ್ಲ.

ಅವರು ತೀರಿಕೊಂಡದ್ದು ಈ ವರ್ಷ, ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ. ಮೂರನೆಯ ದಿನ ಡ್ಯಾಮಿನ ಚರ್ಚಿನಲ್ಲಿ ಸ್ಮರಣೆಯ ಪ್ರಾರ್ಥನೆಯಿತ್ತು. ಕಂಪ್ಲಿಯಲ್ಲಿ ನರ್ಸ್ ಆಗಿರುವ ಅವರ ಮಗಳು ಬಾಗಿಲಲ್ಲೇ ನನ್ನ ಕೈ ಹಿಡಿದು, "ಅಪ್ಪ ನಿಮ್ಮ ಬಗ್ಗೆ ಭಾಳ ಹೇಳ್ತಿದ್ರು ಆಂಟಿ. ಎರಡು ಮಾತು ಆಡ್ರಿ," ಎಂದಳು. ಏನು ಹೇಳುತ್ತಿದ್ದರು ಎಂದು ಕೇಳಲು ಧೈರ್ಯವಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಹುಲುಗಪ್ಪ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಚಪ್ಪಲಿಯನ್ನು ಹೊರಗೆ ಬಿಟ್ಟು, ಕೈಕಟ್ಟಿಕೊಂಡು, ಗುಡಿಯಲ್ಲಿ ಕೂತ ಹಾಗೆಯೇ ಕೂತಿದ್ದ.

ಬರೆದುಕೊಂಡು ಹೋಗಿದ್ದ ಮಾತುಗಳು ಪರ್ಸಿನಲ್ಲೇ ಉಳಿದವು. ಎದ್ದು ನಿಂತು, ಹತ್ತರವರೆಗೆ ಎಣಿಸಿದೆ. ದರೋಜಿ ಗೇಜಿನ ಆ ಬೆಳಗಿನ ಅಂಕಿ ಬರೆದದ್ದು ದೊಡ್ಡಣ್ಣ ಅಲ್ಲ, ನಾನು ಎಂದೆ. ಅವರು ಖಾಲಿ ಬಿಟ್ಟಿದ್ದರು, ಅವರ ಕೈಬರಹವನ್ನು ನಕಲು ಮಾಡಿ ನಾನು ತುಂಬಿದೆ, ಹುಲುಗಪ್ಪನ ಕೆಲಸ ಹೋಗುವುದರಲ್ಲಿದ್ದಾಗಲೂ ಬಾಯಿ ಬಿಡಲಿಲ್ಲ, ಮೆಮೊ ಅವರು ತೆಗೆದುಕೊಂಡರು ಎಂದೆ. ಇದನ್ನು ಹೇಳಲು ಎರಡು ನಿಮಿಷ ಸಾಕಾಯಿತು. ಚರ್ಚಿನಲ್ಲಿದ್ದ ಹೆಚ್ಚಿನವರಿಗೆ ಯಾವ ಅಂಕಿ, ಯಾವ ಗೇಜು ಎಂಬುದೇ ತಿಳಿದಿರಲಿಕ್ಕಿಲ್ಲ. ತಿಳಿಯಬೇಕಾದವನಿಗೆ ತಿಳಿಯಿತು.

ಪ್ರಾರ್ಥನೆ ಮುಗಿದು ಬೇವಿನ ಮರದ ಕೆಳಗೆ ಚಹಾ, ಖಾರ ಕೊಟ್ಟರು. ಹುಲುಗಪ್ಪ ನನ್ನ ಎದುರು ಬಂದು ನಿಂತ.

"ಎಷ್ಟು ವರ್ಷ ಅವಗ ನೋಡ್ದ ಬರದ್ಯೋ ಅಂತ ಅಣಕಿಸೀನಿ ನಾ. ನೀವು ಅಲ್ಲೇ ಇರತಿದ್ರಿ."

"ಹೌದು. ಅಲ್ಲೇ ಇರುತ್ತಿದ್ದೆ."

"ನಗತಿದ್ರಿ."

"ಹೌದು."

"ಒಂದ್ ಸಲ, ಒಂದ್ ಸಲರ 'ನಾ ಅಲ್ಲಲೇ' ಅಂದನೇನು ಮುದುಕ? ಚಾ ಕುಡಿ ಅಂತಿದ್ದ." ಅವನ ದನಿ ಏರಿತು, ಸುತ್ತಲಿನವರು ತಿರುಗಿ ನೋಡಿದರು. "ಈಗ ಹೇಳೀರಿ ಮೇಡಮ್ಮಾರ. ಇವತ್ತು! ಹೋದ ವಾರ ಹೇಳಿದ್ರ ಹೋಗಿ ಅವನ ಕಾಲು ಹಿಡಿತಿದ್ದೆ. ಈಗ ಯಾರ ಕಾಲು ಹಿಡೀಲಿ?"

ಹೇಳಿದರೆ ಹಗುರಾಗುತ್ತದೆ ಎಂದುಕೊಂಡು ಹೋಗಿದ್ದೆ. ನನ್ನ ಭಾರವನ್ನು ಅವನ ತಲೆಯ ಮೇಲೆ ಇಳಿಸಿದ ಹಾಗಾಯಿತು. ಅವನು ನನಗೆ ಬೆನ್ನು ಮಾಡಿ ಹೋದ. ನಾನು ಅಲ್ಲೇ ನಿಂತಿದ್ದೆ. ಜನ ಒಬ್ಬೊಬ್ಬರಾಗಿ ಕರಗಿದರು. ಅಂಗಳದ ತುಂಬ ಪೇಪರ್ ಕಪ್ಪು, ಎಲೆಯ ದೊನ್ನೆ, ಚೆಲ್ಲಿದ ಖಾರ ಬಿದ್ದಿತ್ತು.

ಸ್ವಲ್ಪ ಹೊತ್ತಿಗೆ ಚರ್ಚಿನ ಹಿಂದಿನಿಂದ ಹುಲುಗಪ್ಪ ಒಂದು ಪುಟ್ಟಿ ಹಿಡಿದುಕೊಂಡು ಬಂದ. ಯಾರ ಜೊತೆಗೂ ಮಾತಾಡದೆ ಬಗ್ಗಿ ಕಪ್ಪುಗಳನ್ನು ಆರಿಸತೊಡಗಿದ. ಆರಿಸುತ್ತ ಆರಿಸುತ್ತ ನಾನು ನಿಂತಲ್ಲಿಗೆ ಬಂದು, ಪುಟ್ಟಿಯನ್ನು ನನ್ನ ಕಡೆ ತಳ್ಳಿದ.

"ಹಿಡೀರಿ."

ನಾನು ಹಿಡಿದುಕೊಂಡೆ. ಅವನು ಆರಿಸಿ ಹಾಕುತ್ತ ಹೋದ, ನಾನು ಹಿಂದೆ ಹಿಂದೆ ಹೋದೆ. ಅವನ ಮುಖದಲ್ಲಿ ಸಿಟ್ಟಿತ್ತೋ, ಸಿಟ್ಟು ಇಳಿದಿತ್ತೋ ಬರೆಯಲಾರೆ. ಅವನು ಪೂರ್ತಿ ಹೊತ್ತು ಬಗ್ಗಿಯೇ ಇದ್ದ. ನಾನು ನೋಡಲಿಲ್ಲ.